ಡಬ್ಬದ ಮೇಲಿನ 200 ನೋಡಿ ಕೊಂಡ ವೆಲ್ಡಿಂಗ್ ಮೆಷಿನ್: ಮೂರು ವರ್ಷದ ನಂತರ

ನಮ್ಮ ಮನೆ ಕುಂದಾಪುರದ ಹತ್ತಿರ, ಸಮುದ್ರಕ್ಕೆ ಒಂದೂವರೆ ಕಿಲೋಮೀಟರು. ಈ ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ ಸೇರಿದರೆ ಹಳೇ ಮಾರುತಿ 800ರ ತಳ ಉಳಿಯುವುದುಂಟೇ? ಮೂರು ವರ್ಷದ ಹಿಂದೆ ಡ್ರೈವರ್ ಸೀಟಿನ ಮುಂದಿನ ಮ್ಯಾಟ್ ಎತ್ತಿದರೆ ಅಂಗಳದ ಜಲ್ಲಿ ಕಾಣುತ್ತಿತ್ತು. ಟಿಂಕರಿಂಗ್‌ಗೆ ಬಿಟ್ಟು ವಾರಗಟ್ಟಲೆ ಕಾಯುವುದಕ್ಕಿಂತ ನಾನೇ ಬೆಸೆದರಾಯಿತು ಎಂದು ಹೊರಟೆ.

ಮೊದಲು ತಂದದ್ದು 6,500 ರೂಪಾಯಿಯ ಇನ್ವರ್ಟರ್ ಆರ್ಕ್ ಮೆಷಿನ್, ಅಂದರೆ ಕರೆಂಟಿನ ಕಿಡಿಯಲ್ಲಿ ರಾಡ್ ಕರಗಿಸಿ ಬೆಸೆಯುವಂಥದ್ದು. ಡಬ್ಬದ ಮೇಲೆ ದೊಡ್ಡದಾಗಿ 200 ಆಂಪ್ ಎಂದಿತ್ತು, ಅದಕ್ಕೇ ಮರುಳಾದೆ. ಗೇಟಿನ ಹಿಂಜು, ಕೈಗಾಡಿ, ಹೂಕುಂಡದ ಸ್ಟ್ಯಾಂಡಿಗೆಲ್ಲ ಒಳ್ಳೇ ಮೆಷಿನ್ನೇ. ಕಾರಿಗೆ ಮಾತ್ರ ಅಲ್ಲ. ತಗಡು ಇರುವುದೇ 0.8 ಮಿ.ಮೀ. ಆಸುಪಾಸು, 2.5 ಮಿ.ಮೀ. ರಾಡ್ ನೆಟ್ಟಗೆ ಉರಿಯಲು 60-70 ಆಂಪ್ ಬೇಕು. ಅಷ್ಟು ಕೊಟ್ಟರೆ ತಗಡು ಕರಗಿ ಬೀಳುತ್ತದೆ, ಇಳಿಸಿದರೆ ರಾಡ್ ಅಂಟಿಕೊಳ್ಳುತ್ತದೆ. ಹೆಬ್ಬೆರಳು ತೂರುವ ತೂತು ಮುಚ್ಚಲು ಹೋಗಿ ಅಂಗೈ ತೂರುವಷ್ಟು ಮಾಡಿಟ್ಟೆ. ಪಕ್ಕದ ಓಣಿಯ ಟಿಂಕರ್ ಬಗ್ಗಿ ನೋಡಿ, "ಎಂತ ಮಾರಾಯ್ರೆ, ಇದೇನು ಗೇಟಾ? ತಗಡಿಗೆ ಸಿಒಟು ವೆಲ್ಡಿಂಗೇ ಆಗ್ಬೇಕು" ಅಂದರು.

ಅವರು ಹೇಳಿದ್ದು ಮಿಗ್. ರಾಡಿನ ಬದಲು ಸಣ್ಣ ವೈರ್ ಸುರುಳಿಯಿಂದ ತಾನಾಗಿ ಬಂದು ಕರಗುತ್ತದೆ, ಬೆಸುಗೆಗೆ ಗಾಳಿ ತಾಗದಂತೆ ಸುತ್ತ ಸಿಒಟು (ಕಾರ್ಬನ್ ಡೈಆಕ್ಸೈಡ್) ಗ್ಯಾಸ್ ಬಿಡುತ್ತಾರೆ. ಆರು ತಿಂಗಳು ಬಿಟ್ಟು 17,000 ಕೊಟ್ಟು ಮಿಗ್, ಆರ್ಕ್ ಎರಡೂ ಇರುವ ಮೆಷಿನ್ ತಂದೆ. ಈ ಸಲ ಅಂಗಡಿಯಲ್ಲಿ ಕೇಳಿದ್ದು ಎಷ್ಟು ಮೇಲೆ ಹೋಗುತ್ತದೆ ಅಂತಲ್ಲ, ಎಷ್ಟು ಕೆಳಗಿಳಿಸಿದರೂ ತಡವರಿಸದೆ ಉರಿಯುತ್ತದೆ ಅಂತ. ಕಾರಿನ ಕೆಲಸಕ್ಕೆ ನಾನು ಇಡುವುದು 35-40 ಆಂಪ್ ಅಷ್ಟೇ. ಉಳಿದದ್ದು ಡಬ್ಬದ ಶೋಭೆಗೆ.

ಸಿಲಿಂಡರ್ ಖರ್ಚು ಉಳಿಸಲು ಶುರುವಿನಲ್ಲಿ ಗ್ಯಾಸ್ ಬೇಡದ, ಒಳಗೇ ಬೆಸುಗೆ ಕಾಯುವ ಪುಡಿ ತುಂಬಿದ ಫ್ಲಕ್ಸ್ ಕೋರ್ ವೈರ್ ಹಾಕಿದೆ. ಎರಡು ದಿನ ಒಗ್ಗರಣೆಯ ಸಾಸಿವೆಯಂತೆ ಸಿಡಿಯಿತು. ಆ ವೈರಿಗೆ ಟಾರ್ಚ್ (ವೈರ್ ಹೊರಬರುವ ಕೈಹಿಡಿ) ಮೈನಸ್ಸಿಗೆ, ಅರ್ತ್ (ತಗಡಿಗೆ ಕಚ್ಚಿಸುವ ಕ್ಲಾಂಪ್) ಪ್ಲಸ್ಸಿಗೆ ಹೋಗಬೇಕು. ಗ್ಯಾಸ್ ಜತೆ ಬಳಸುವ ಸಾದಾ ವೈರಿಗೆ ಇದು ಅದಲುಬದಲು. ಮೆಷಿನ್ ಬಂದದ್ದು ಗ್ಯಾಸಿಗೆ ಹೊಂದಿಸಿಕೊಂಡು, ನಾನು ಒಳಗಿನ ಮುಚ್ಚಳ ತೆಗೆದು ನೋಡಿರಲೇ ಇಲ್ಲ. ಸರಿಮಾಡಿದ ಮೇಲೂ ತೆಳು ತಗಡಿಗೆ ಅದು ಬಿಸಿ ಜಾಸ್ತಿಯೇ. ಕೊನೆಗೆ ಸಣ್ಣ ಸಿಒಟು ಸಿಲಿಂಡರ್, 0.8 ಮಿ.ಮೀ. ವೈರ್ ತಂದೆ. ಅಲ್ಲಿಂದ ಕೆಲಸ ಕೈಗೆ ಹತ್ತಿತು. ಒಂದೇ ಎಚ್ಚರ, ಏಪ್ರಿಲ್ ಸೆಕೆಯಲ್ಲೂ ಫ್ಯಾನ್ ಹಾಕುವಂತಿಲ್ಲ. ಗಾಳಿಗೆ ಗ್ಯಾಸ್ ಹಾರಿಹೋಗಿ ಬೆಸುಗೆ ನೀರುದೋಸೆಯ ಹಾಗೆ ತೂತು ತೂತು.

ಉದ್ದಕ್ಕೆ ಎಳೆಯುತ್ತಾ ಹೋಗುವುದೂ ಇಲ್ಲ. ಇಲ್ಲೊಂದು ಚುಕ್ಕಿ, ಆಚೆ ತುದಿಗೆ ಇನ್ನೊಂದು, ಕೆಂಪು ಆರಿದ ಮೇಲೆ ನಡುವೆ ಮತ್ತೊಂದು. ಹಾಗೆ ಮಾಡದೆ ಮೊದಲ ಪಟ್ಟಿ ಹಪ್ಪಳದಂತೆ ಸೊಟ್ಟಗಾಗಿತ್ತು. ತುಕ್ಕು ತಿಂದದ್ದನ್ನೆಲ್ಲ ಗ್ರೈಂಡರ್‌ನಲ್ಲಿ ಕತ್ತರಿಸಿ ಬಿಳಿ ಲೋಹ ಕಾಣುವವರೆಗೆ ಉಜ್ಜುವುದಕ್ಕೇ ಅರ್ಧ ದಿನ.

ದೂರುಗಳೂ ಇವೆ. ವೈರ್ ತಳ್ಳುವ ರೋಲರಿನ ಹಿಡಿ ಪ್ಲಾಸ್ಟಿಕ್ಕಿನದು, ಎರಡನೇ ವರ್ಷ ಮುರಿಯಿತು. ಕಂಪನಿಗೆ ಫೋನ್ ಮಾಡಿದರೆ ಇಡೀ ಮೆಷಿನ್ ಕೊರಿಯರ್ ಮಾಡಿ ಅಂದರು, ಹತ್ತು ಕೇಜಿಗೂ ಹೆಚ್ಚಿನದ್ದನ್ನು! ಲೇತ್ ಅಂಗಡಿಯಲ್ಲಿ ಮಾಡಿಸಿಕೊಂಡೆ. ಮಳೆಗಾಲದಲ್ಲಿ ವೈರಿನ ಸುರುಳಿ ಮೆಷಿನ್ನಲ್ಲೇ ಬಿಟ್ಟರೆ ವೈರಿಗೇ ತುಕ್ಕು. ಈಗ ತೆಗೆದು ಅಕ್ಕಿ ಡಬ್ಬಿಯಂಥ ಗಾಳಿಯಾಡದ ಡಬ್ಬಿಯಲ್ಲಿಡುತ್ತೇನೆ. ತೆಳು ಎಕ್ಸ್‌ಟೆನ್ಶನ್ ವೈರ್ ಬಿಸಿಯಾಗಿ ವಾಸನೆ ಬಂದದ್ದರಿಂದ 16 ಆಂಪ್ ಪ್ಲಗ್ಗಿಗೆ 2.5 ಸ್ಕ್ವೇರ್ ಎಂಎಂ ವೈರ್ ಪ್ರತ್ಯೇಕ ಎಳೆಸಿದೆ. ಆದರೂ ಸಂಜೆ ತೋಟದ ಪಂಪುಗಳು ಶುರುವಾದರೆ ವೋಲ್ಟೇಜ್ ಬಿದ್ದು ಆರ್ಕ್ ಕುಂಟುತ್ತದೆ. ಬೆಳಿಗ್ಗೆಯೇ ವಾಸಿ.

ತಾನಾಗಿ ಕಪ್ಪಾಗುವ ಹೆಲ್ಮೆಟ್ಟಿಗೆ ಜಿಪುಣತನ ಮಾಡಬೇಡಿ. ಬ್ಯಾಟರಿಯ ಮೈನಸ್ ಕಳಚಿ, ಕಾರ್ಪೆಟ್ ಪೂರ್ತಿ ಹೊರಗೆಳೆದು, ಒಂದು ಬಕೆಟ್ ನೀರು, ಒದ್ದೆ ಗೋಣಿ ಪಕ್ಕದಲ್ಲಿಟ್ಟುಕೊಳ್ಳಿ. ನಾನೊಮ್ಮೆ ಅಂಡರ್‌ಕೋಟಿಂಗ್‌ಗೆ (ಕಾರಿನ ತಳಕ್ಕೆ ಬಳಿದ ಲೇಪಕ್ಕೆ) ಬೆಂಕಿ ಹತ್ತಿಸಿ ಆ ಗೋಣಿಯಿಂದಲೇ ಬಚಾವಾದೆ.

ಫ್ಲೋರ್ ಎರಡು ಮಳೆಗಾಲ ತಡೆದಿದೆ, ಒಳಗೆ ಹನಿ ನೀರಿಲ್ಲ. ಮುಂದಿನ ಸಸ್ಪೆನ್ಶನ್ ಕೂರುವ ಜಾಗದಲ್ಲೂ ತುಕ್ಕು ಕಾಣಿಸಿಕೊಂಡಿತು. ಅದನ್ನು ನಾನು ಮುಟ್ಟಲಿಲ್ಲ, ಕಾರನ್ನು ಅದೇ ಟಿಂಕರ್ ಹತ್ತಿರ ಬಿಟ್ಟುಬಂದೆ.