ನಾಯಿ ಹೋದ ದುಃಖದಲ್ಲಿ ಆತುರಕ್ಕೆ ಮರಿ ತರಬೇಡಿ

ಮನೆಯ ನಾಯಿ ತೀರಿಕೊಂಡು ಇನ್ನೂ ಹದಿನೈದು ದಿನ ಆಗಿಲ್ಲ, ಮನೆಯಲ್ಲಿ ಕೂರೋಕೆ ಆಗ್ತಿಲ್ಲ, ಫೋನಿನಲ್ಲಿ ಮರಿಗಳ ಫೋಟೋ ನೋಡ್ತಾ ಇದ್ದೀರಾ? ದಯವಿಟ್ಟು ದುಡ್ಡು ಕಳಿಸುವ ಮುಂಚೆ ಇದನ್ನು ಓದಿ.

ನಮ್ಮ ರಾಜಾ ಹನ್ನೊಂದು ವರ್ಷದ ಲ್ಯಾಬ್ರಡಾರ್. ಮಗಳಿಗಿಂತ ಎರಡು ವರ್ಷ ದೊಡ್ಡವನು. ಕಿಡ್ನಿ ಕೆಟ್ಟಿತ್ತು. ಮೂರು ವಾರ ಡ್ರಿಪ್ ಹಾಕಿಸಿದೆವು. ಒಂದು ಬೆಳಗಿನ ಜಾವ ಅಡುಗೆಮನೆ ಬಾಗಿಲ ಹತ್ತಿರ, ಯಾವಾಗಲೂ ಮಲಗುತ್ತಿದ್ದ ಜಾಗದಲ್ಲೇ ಹೋಗಿಬಿಟ್ಟ. ಭಾವನ ತೋಟದಲ್ಲಿ ಹೂತು ಬಂದೆವು.

ಆಮೇಲಿನ ದಿನಗಳು ಹೇಗಿರುತ್ತವೆ ಅಂತ ನಾಯಿ ಸಾಕಿದವರಿಗೆ ಹೇಳಬೇಕಾಗಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸುವ ಸದ್ದಿಗೆ ಅವನು ಎದ್ದು ಬರುತ್ತಿದ್ದ. ಈಗ ಹೆಂಡತಿ ಪ್ಯಾಕೆಟ್ ಕತ್ತರಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಊಟದ ಕೊನೆಯ ತುತ್ತು ಮೊಸರನ್ನ ಅವನದು. ನನ್ನ ಕೈ ತಾನಾಗಿಯೇ ಅದನ್ನು ತಟ್ಟೆಯ ಅಂಚಿಗೆ ಸರಿಸಿಬಿಡುತ್ತಿತ್ತು. ಮಗಳು ಸ್ಕೂಲಿಂದ ಬಂದು ಗೇಟು ತೆಗೆಯದೆ ಹೊರಗೇ ನಿಲ್ಲುತ್ತಿದ್ದಳು. ಆಫೀಸಿನವರು, ನೆಂಟರು, ಪಕ್ಕದ ಮನೆಯವರು ಎಲ್ಲರದೂ ಒಂದೇ ಮಾತು: "ನಾಯಿ ತಾನೇ, ಇನ್ನೊಂದು ತಂದ್ರಾಯ್ತು ಬಿಡಿ." ಯಾರೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಕೇಳಿ ಕೇಳಿ ನನಗೂ ಅದೇ ಸರಿ ಅನ್ನಿಸಿತು.

"ಈಗಲೇ ಬೇಡ ರೀ, ಸ್ವಲ್ಪ ದಿನ ಹೋಗಲಿ" ಅಂದಳು ಹೆಂಡತಿ. ನಾನು ಕೇಳಲಿಲ್ಲ.

ಹತ್ತನೇ ದಿನ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಎರಡು ತಿಂಗಳ ಮರಿ, ಎರಡು ಡೋಸ್ ಲಸಿಕೆ ಆಗಿದೆ, 12,000 ರೂಪಾಯಿ. ಬಣ್ಣ ಥೇಟ್ ರಾಜಾನದೇ. ನನಗೆ ಅಷ್ಟು ಸಾಕಾಯಿತು. ತಾಯಿ ನಾಯಿ ನೋಡಬಹುದಾ ಅಂದಿದ್ದಕ್ಕೆ, "ಅಷ್ಟು ದೂರ ಯಾಕೆ ಬರ್ತೀರಾ ಸಾರ್, ರಿಂಗ್ ರೋಡಿಗೆ ನಾನೇ ತರ್ತೀನಿ" ಅಂದ. ರಟ್ಟಿನ ಡಬ್ಬದಲ್ಲಿ ತಂದುಕೊಟ್ಟು, ದುಡ್ಡು ಬಂತಾ ಅಂತ ಫೋನು ನೋಡಿಕೊಂಡು ಹೊರಟುಹೋದ. ಒಂದು ಮಿಕ್ಸಿ ಕೊಳ್ಳುವಾಗಲೂ ನಾನು ಹತ್ತು ಪ್ರಶ್ನೆ ಕೇಳುತ್ತೇನೆ. ಅವತ್ತು ಒಂದೂ ಕೇಳಲಿಲ್ಲ. ನಮ್ಮ ನಾಯಿ ತೀರಿಕೊಂಡ ವಿಷಯ ನಾನೇ ಅವನ ಹತ್ತಿರ ಹೇಳಿಕೊಂಡಿದ್ದೆ. ಇಂಥವರಿಗೆ ಅಷ್ಟು ಗೊತ್ತಾದರೆ ಸಾಕು.

ಮರಿಗೂ ರಾಜಾ ಅಂತಲೇ ಹೆಸರಿಟ್ಟೆವು. ಅವನದೇ ಬಟ್ಟಲು, ಅವನದೇ ಗೋಣಿಚೀಲದ ಹಾಸಿಗೆ.

ನಾಲ್ಕನೇ ದಿನ ಮರಿ ಆಟ ಬಿಟ್ಟು ಮೂಲೆ ಸೇರಿತು. ಐದನೇ ದಿನ ವಾಂತಿ, ಸಂಜೆಗೆ ರಕ್ತದ ಭೇದಿ. ಡಾಕ್ಟರ್ ಕಿಟ್‌ನಲ್ಲಿ ಪರೀಕ್ಷೆ ಮಾಡಿದರು, ಎರಡು ಗೆರೆ ಬಂತು. ಪಾರ್ವೋ, ಅಂದರೆ ಮರಿಗಳ ಕರುಳಿಗೆ ತಗುಲುವ ವೈರಸ್ ಕಾಯಿಲೆ. ಆಮೇಲೆ ಮರಿಯ ತುಟಿ ಎತ್ತಿ ತೋರಿಸಿದರು. ಮುಂದೆ ಸೂಜಿಯಂಥ ಹಾಲುಹಲ್ಲು ಇದ್ದವು. ಹಿಂದಿನವು ಇನ್ನೂ ಪೂರ್ತಿ ಹುಟ್ಟಿರಲಿಲ್ಲ. "ಇದಕ್ಕೆ ಐದು ವಾರ ಇರಬಹುದು ಅಷ್ಟೇ. ಎರಡು ಡೋಸ್ ಎಲ್ಲಿಂದ ಬಂತು?" ಅಂದರು. ಲಸಿಕೆ ಪುಸ್ತಕ ಬಿಚ್ಚಿದರೆ ಸ್ಟಿಕ್ಕರ್ ಇದೆ, ಡಾಕ್ಟರ ಸಹಿ ಇಲ್ಲ, ಸೀಲೂ ಇಲ್ಲ. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸೋಕೆ ಸಾಮಾನ್ಯವಾಗಿ 3ರಿಂದ 7 ದಿನ ಬೇಕಂತೆ. ಬಹುಶಃ ಬರುವಾಗಲೇ ಹೊತ್ತು ತಂದಿತ್ತು.

ಅದರ ಕಾಲು ನನ್ನ ಹೆಬ್ಬೆರಳಿನಷ್ಟು ದಪ್ಪ ಇತ್ತು. ಡ್ರಿಪ್ ಹಾಕೋಕೆ ನರ ಸಿಗುತ್ತಿರಲಿಲ್ಲ. ಮೂರು ದಿನ ಒದ್ದಾಡಿ ಹೋಯಿತು. ಮಾರಿದವನಿಗೆ ಫೋನ್ ಮಾಡಿದರೆ "ನಮ್ಮ ಹತ್ರ ಚೆನ್ನಾಗಿತ್ತು, ನೀವೇ ಏನೋ ತಿನ್ನಿಸಿದ್ದೀರಿ" ಅಂದು ನಂಬರ್ ಬ್ಲಾಕ್ ಮಾಡಿದ.

ಅವತ್ತು ರಾತ್ರಿ ಮಗಳು ಕೇಳಿದಳು: "ಅಪ್ಪಾ, ರಾಜಾ ಅಂತ ಹೆಸರಿಟ್ಟಿದ್ದಕ್ಕೇ ಇದೂ ಸತ್ತೋಯ್ತಾ?" ಇದಕ್ಕೆ ನಾನು ಏನು ಹೇಳಲಿ?

ಮುಂದೆ ಯಾವತ್ತಾದರೂ ಮರಿ ತರುವುದಾದರೆ ಅದು ಹುಟ್ಟಿದ ಜಾಗಕ್ಕೇ ಹೋಗಿ, ತಾಯಿಯನ್ನು ನೋಡಿ. ತೋರಿಸಲ್ಲ ಅಂದರೆ ವಾಪಸ್ ಬನ್ನಿ. 2017ರ ಕೇಂದ್ರದ ನಿಯಮದ ಪ್ರಕಾರ 8 ವಾರ ತುಂಬದ ಮರಿ ಮಾರುವ ಹಾಗಿಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಆ ಪತ್ರ ಕೇಳಿ. ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಹಾಕಿಸಬೇಕು. ದುಡ್ಡು ಕೊಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಮರಿ ತೋರಿಸಿ. ಇದೆಲ್ಲಾ ಕಷ್ಟದ ಕೆಲಸ ಅಲ್ಲ. ಆದರೆ ಅಳು ತುಂಬಿಕೊಂಡಿರುವಾಗ ಒಂದೂ ನೆನಪಾಗಲ್ಲ. ಅದಕ್ಕೇ ಕಾಯಿರಿ ಅನ್ನೋದು.

ನಾವು ಈಗ ಅಳುತ್ತಿದ್ದೇವೆ. ಅವತ್ತೇ ಅಳಬೇಕಿತ್ತು. ಭಾನುವಾರ ಮೂವರೂ ತೋಟಕ್ಕೆ ಹೋಗುತ್ತೇವೆ. ರಾಜಾನ ಪಕ್ಕದಲ್ಲೇ ಮರಿಯನ್ನೂ ಹೂತಿದ್ದೇವೆ. ಮಗಳು ಅದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಬೆಲ್ಲ ಅಂತ. ರಾಜಾ ಚಪ್ಪಲಿ ಕದ್ದ ಕಥೆಗಳನ್ನು ಅವಳೇ ತೆಗೆಯುತ್ತಾಳೆ, ನಾವು ಮಾತು ಬದಲಿಸುವುದಿಲ್ಲ.

ಇನ್ನೊಂದು ವಿಷಯ. ಪಾರ್ವೋ ವೈರಸ್ ಮನೆಯೊಳಗೆ ತಿಂಗಳುಗಟ್ಟಲೆ, ನೆರಳಿರುವ ಮಣ್ಣಿನಲ್ಲಿ ಒಂದು ವರ್ಷದವರೆಗೂ ಉಳಿಯಬಹುದು. ಫಿನಾಯಿಲ್ ಹಾಕಿ ಒರೆಸಿದರೆ ಸಾಲದು. ಒಂದು ಪಾಲು ಬ್ಲೀಚ್ ದ್ರವಕ್ಕೆ (ಪುಡಿ ಅಲ್ಲ) 30 ಪಾಲು ನೀರು ಬೆರೆಸಿ, ತೊಳೆದ ನೆಲದ ಮೇಲೆ ಹತ್ತು ನಿಮಿಷ ಬಿಡಬೇಕು. ಬಟ್ಟೆ, ಗೋಣಿ ಸುಡೋದೇ ಒಳ್ಳೆಯದು ಅಂದರು ಡಾಕ್ಟರ್. ಹಾಗಾಗಿ ರಾಜಾನ ಹಾಸಿಗೆ ಸುಟ್ಟೆವು. ಅವನ ವಾಸನೆ ಇನ್ನೂ ಇತ್ತು ಅದರಲ್ಲಿ. ಬಟ್ಟಲೂ ಎಸೆದೆವು.

ಬೆಲ್ಟ್ ಮಾತ್ರ ಉಳಿದಿದೆ. ಮರಿಯ ಕುತ್ತಿಗೆಗೆ ದೊಡ್ಡದಾಗುತ್ತೆ ಅಂತ ಅದನ್ನು ಮೊಳೆಯಿಂದ ತೆಗೆದೇ ಇರಲಿಲ್ಲ.