ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು ನೋಡಲು ಹೋದಾಗ ಮೊದಲು ಗಡಿಯಾರ ನೋಡಿ

ಕಾರು ನೋಡಲು ಹೋದ ದಿನ ಡ್ಯಾಶ್‌ಬೋರ್ಡಿನ ಗಡಿಯಾರ 1 ಗಂಟೆ 20 ನಿಮಿಷ ತೋರಿಸುತ್ತಿತ್ತು. ಆಗ ಸಂಜೆ ಐದೂವರೆ. ಟ್ರಿಪ್ ಮೀಟರ್ ಸೊನ್ನೆಯಲ್ಲಿತ್ತು. ಡ್ರೈವರ್ ಕಡೆಯ ಕಿಟಕಿ ಒಂದೇ ಸಲ ಗುಂಡಿ ಒತ್ತಿದರೆ ಪೂರ್ತಿ ಏರುತ್ತಿರಲಿಲ್ಲ, ಒತ್ತಿ ಹಿಡಿದೇ ಇರಬೇಕಿತ್ತು. ಮೂರನ್ನೂ ಗಮನಿಸಿದೆ, ಕೇಳಿಯೂ ಕೇಳಿದೆ. "ಮೊನ್ನೆ ತಾನೇ ಚಿಕ್ಕ ಬ್ಯಾಟರಿ ಹೊಸದು ಹಾಕಿಸಿದೀನಿ ಸಾರ್, ಅದಕ್ಕೇ ಎಲ್ಲಾ ರೀಸೆಟ್ ಆಗಿದೆ, ನೀವೇ ಸೆಟ್ ಮಾಡ್ಕೊಳ್ಳಿ" ಅಂದರು ಮಾರುವವರು. ಹೈಬ್ರಿಡ್‌ನಲ್ಲಿ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುತ್ತದೆ, ಬ್ಯಾಟರಿ ಎರಡು: ಮೋಟರ್ ಓಡಿಸುವ ದೊಡ್ಡದು, 12 ವೋಲ್ಟಿನ ಚಿಕ್ಕದು. ಚಿಕ್ಕದು ನಿಜಕ್ಕೂ ಹೊಸದಿತ್ತು. ಆ ಉತ್ತರ ನಂಬಿ ಅದೇ ಸಂಜೆ ವ್ಯವಹಾರ ಮುಗಿಸಿದೆ. ನಂತರ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ಹೈಬ್ರಿಡ್ ಕಾರು ಕೊಳ್ಳಲು ಹೊರಟವರು, ಕೊಂಡು ಇನ್ನೂ ತಿಂಗಳಾಗದವರು ದಯವಿಟ್ಟು ಪೂರ್ತಿ ಓದಿ.

ಕಾರಿನ ಕಂಪನಿ ಹೆಸರು ಹೇಳುವುದಿಲ್ಲ, ಏಕೆಂದರೆ ತಪ್ಪು ಕಾರಿನದಲ್ಲ. ತಂದ ಮೊದಲ ವಾರದಿಂದಲೇ ಎರಡು ವಿಷಯ ಕಣ್ಣಿಗೆ ಬಿದ್ದಿದ್ದವು. ಹಿಂದಿನ ಸೀಟಿನ ಬದಿಯಿಂದ ಫ್ಯಾನಿನ ಜೋರು ಸದ್ದು ಬರುತ್ತಿತ್ತು, ಎ.ಸಿ. ಸದ್ದು ಇರಬೇಕು ಅಂದುಕೊಂಡೆ. ಪರದೆಯಲ್ಲಿ ಬ್ಯಾಟರಿ ಚಾರ್ಜ್ ತೋರಿಸುವ ಪಟ್ಟಿಗಳು ಒಂದು ಸಣ್ಣ ಏರು ಹತ್ತುವಷ್ಟರಲ್ಲಿ ತುದಿಯಿಂದ ತಳಕ್ಕೆ ಇಳಿಯುತ್ತಿದ್ದವು, ಇಳಿಜಾರಿನಲ್ಲಿ ಅಷ್ಟೇ ಬೇಗ ತುಂಬಿಕೊಳ್ಳುತ್ತಿದ್ದವು. ಬ್ರೇಕ್ ಹಿಡಿದಾಗ ಇಷ್ಟು ಬೇಗ ಚಾರ್ಜ್ ಆಗುತ್ತದಲ್ಲ ಅಂತ ಖುಷಿಪಟ್ಟಿದ್ದೆ. ಅವೆರಡೂ ಸಾಯುತ್ತಿರುವ ದೊಡ್ಡ ಬ್ಯಾಟರಿಯ ಲಕ್ಷಣಗಳು. ಚಿಕ್ಕ ಲೋಟ ಬೇಗ ತುಂಬುತ್ತದೆ, ಬೇಗ ಖಾಲಿಯಾಗುತ್ತದೆ. ಚೆನ್ನಾಗಿರುವ ಬ್ಯಾಟರಿಯ ಪಟ್ಟಿಗಳು ನಿಧಾನಕ್ಕೆ ಓಡಾಡುತ್ತವೆ, ಬಹುಪಾಲು ಸಮಯ ನಡುವಿನಲ್ಲೇ ಇರುತ್ತವೆ.

ಹತ್ತೊಂಬತ್ತನೇ ದಿನ ಹೆದ್ದಾರಿಯ ಉದ್ದದ ಏರಿನಲ್ಲಿ ಕೆಂಪು ತ್ರಿಕೋನ ಹೊತ್ತಿತು. ಜೊತೆಗೆ ಹೈಬ್ರಿಡ್ ಸಿಸ್ಟಮ್ ಪರೀಕ್ಷಿಸಿ ಎಂಬ ಸೂಚನೆ. ಕಾರಿನ ಎಳೆತವೇ ಹೋಯಿತು. ಹಿಂದೆ ಲಾರಿ, ಪಕ್ಕದಲ್ಲಿ ಲಾರಿ, ಎಕ್ಸಲರೇಟರ್ ಪೂರ್ತಿ ಒತ್ತಿದರೂ ವೇಗ ಇಳಿಯುತ್ತಲೇ ಇತ್ತು. ಮಕ್ಕಳು ಹಿಂದಿನ ಸೀಟಿನಲ್ಲಿದ್ದರು. ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಾಗ ಸ್ಟೀರಿಂಗ್ ಹಿಡಿದಿದ್ದ ಕೈ ನಡುಗುತ್ತಿತ್ತು.

ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿದಾಗ ಬಂದ ದೋಷದ ಕೋಡ್ ಪಿ0ಎ80. ಹೈಬ್ರಿಡ್ ಬ್ಯಾಟರಿ ಬದಲಿಸಿ ಎಂಬುದೇ ಅದರ ಅರ್ಥ. ಆದರೆ ನನ್ನ ಕಣ್ಣು ನೆಟ್ಟದ್ದು ಅದೇ ಸ್ಕ್ಯಾನರಿನ ಇನ್ನೊಂದು ಸಾಲಿನ ಮೇಲೆ: ಕೋಡ್‌ಗಳನ್ನು ಅಳಿಸಿದ ಮೇಲೆ ಓಡಿದ ದೂರ, 641 ಕಿ.ಮೀ. ಕಾಗದಪತ್ರ ಮಾಡಿದಾಗ ಓಡೋಮೀಟರ್ 1,38,212 ಇತ್ತು, ಈಗ 1,38,846. ಅಂದರೆ ನಾನು ಓಡಿಸಿದ್ದು 634. ಉಳಿದ ಏಳು ಕಿಲೋಮೀಟರ್ ನನ್ನ ಟೆಸ್ಟ್ ಡ್ರೈವ್. ನಾನು ಬರುವ ಮುಂಚೆ ಚಿಕ್ಕ ಬ್ಯಾಟರಿಯ ವೈರ್ ಕಿತ್ತು ಮತ್ತೆ ಹಾಕಿದ್ದರು, ಕೋಡ್ ಅಳಿದು ಎಚ್ಚರಿಕೆ ದೀಪ ಆರಿಹೋಗಿತ್ತು. ಆಮೇಲೊಮ್ಮೆ ನಾನೇ ವೈರ್ ಬಿಚ್ಚಿ ನೋಡಿದೆ. ಈ ಕಾರಿನ ಗಡಿಯಾರ ಒಂದು ಗಂಟೆಯಿಂದ ಎಣಿಸಲು ಶುರುಮಾಡುತ್ತದೆ. ಅವರು ಹೇಳಿದ "ಮೊನ್ನೆ" ನಾನು ಬಾಗಿಲು ತಟ್ಟುವ ಇಪ್ಪತ್ತು ನಿಮಿಷ ಮುಂಚೆ ಇತ್ತು.

ಆದ್ದರಿಂದ ನನ್ನ ಮೊದಲ ಮಾತು ಇದು. ದೀಪ ಹೊತ್ತಿಲ್ಲ ಅಂದ ಮಾತ್ರಕ್ಕೆ ಕಾರು ಚೆನ್ನಾಗಿದೆ ಅಂತ ನಂಬಬೇಡಿ. ಕೋಡ್ ಓದುವ ಈ ಒಬಿಡಿ ಸ್ಕ್ಯಾನರ್ ಅಂಗೈಯಷ್ಟು ದೊಡ್ಡದು, ಮೊಬೈಲಿಗೆ ಬ್ಲೂಟೂತ್‌ನಲ್ಲಿ ಜೋಡಿಸಬಹುದು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ ಮೂರು ವಿಷಯ ನೋಡಿ. ಕೋಡ್ ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ? ರೆಡಿನೆಸ್ ಮಾನಿಟರ್‌ಗಳು, ಅಂದರೆ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪರೀಕ್ಷೆಗಳು, ಪೂರ್ಣಗೊಂಡಿವೆಯೇ? ಕೋಡ್ ಅಳಿಸಿದರೆ ಇವು ಹಿಂದಕ್ಕೆ ಹೋಗುತ್ತವೆ, ಮತ್ತೆ ಪೂರ್ಣಗೊಳ್ಳಲು ಹಲವು ಸಲ ಓಡಿಸಬೇಕು. ಇನ್ನು ಶಾಶ್ವತ ಕೋಡ್ ಏನಾದರೂ ಇದೆಯೇ? ಈಚಿನ ಅನೇಕ ಕಾರುಗಳಲ್ಲಿ ಇಂಥ ಕೋಡ್ ವೈರ್ ಕಿತ್ತರೂ ಹೋಗುವುದಿಲ್ಲ, ತೊಂದರೆ ಸರಿಯಾಗಿದೆ ಎಂದು ಕಾರಿನ ಕಂಪ್ಯೂಟರಿಗೇ ಖಾತ್ರಿಯಾದ ಮೇಲೆ ಅಳಿಯುತ್ತದೆ. ಸ್ಕ್ಯಾನರ್ ಹಾಕಲು ಬಿಡುವುದಿಲ್ಲ ಅನ್ನುವವರ ಜೊತೆ ಮಾತು ಮುಂದುವರಿಸಬೇಡಿ, ಎದ್ದು ಬನ್ನಿ.

ನಾನು ಮಾಡಿದ ಎರಡನೇ ತಪ್ಪು ಇದಕ್ಕಿಂತ ದುಬಾರಿಯಾಯಿತು. ಬ್ಯಾಟರಿ ಪೂರ್ತಿ ಬದಲಿಸುವುದು ಬೇಡ, ಅದರೊಳಗಿನ ಬಿಡಿ ತುಂಡುಗಳಲ್ಲಿ, ಅಂದರೆ ಮಾಡ್ಯೂಲ್‌ಗಳಲ್ಲಿ, ಕೆಟ್ಟಿರುವ ಎರಡನ್ನು ಮಾತ್ರ ತೆಗೆದು ಬೇರೆ ಹಾಕಿಕೊಡುತ್ತೇವೆ ಅಂದರು ಗ್ಯಾರೇಜಿನವರು. ಖರ್ಚು ಉಳಿಯಿತಲ್ಲ ಅಂತ ಒಪ್ಪಿದೆ. ನಾಲ್ಕು ತಿಂಗಳಿಗೆ ಅದೇ ತ್ರಿಕೋನ, ಅದೇ ಕೋಡ್, ಈ ಸಲ ಬೇರೆ ಮಾಡ್ಯೂಲ್. ಮತ್ತೆ ಒಂದನ್ನು ಬದಲಿಸಿದರು. ಆರು ವಾರಕ್ಕೆ ಇನ್ನೊಂದು ಹೋಯಿತು.

ಹೀಗೇಕೆ ಆಗುತ್ತದೆ ಅಂತ ತಿಳಿದುಕೊಳ್ಳುವುದು ಒಳ್ಳೆಯದು. ಟೊಯೋಟಾ ಪ್ರಿಯಸ್‌ನ ಎರಡನೇ, ಮೂರನೇ ತಲೆಮಾರಿನ ಕಾರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅವುಗಳ ನಿಕೆಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯಲ್ಲಿ 28 ಮಾಡ್ಯೂಲ್‌ಗಳಿವೆ. ಒಂದೊಂದರಲ್ಲಿ 6 ಸೆಲ್, ಸೆಲ್‌ಗೆ 1.2 ವೋಲ್ಟ್, ಎಲ್ಲ ಸೇರಿ 201.6 ವೋಲ್ಟ್. ಎಲ್ಲವೂ ಸರಪಳಿಯಂತೆ ಒಂದರ ಹಿಂದೆ ಒಂದು, ಕರೆಂಟ್ ಪ್ರತಿಯೊಂದರ ಮೂಲಕವೂ ಹಾದುಹೋಗಲೇಬೇಕು. ಒಂದು ಸೆಲ್ ಸೋತು ಬೇಗ ಖಾಲಿಯಾದರೆ ಉಳಿದವು ಅದರೊಳಗೆ ಕರೆಂಟ್ ನೂಕುತ್ತಲೇ ಇರುತ್ತವೆ, ಅದು ಇನ್ನಷ್ಟು ಕಾದು ಹಾಳಾಗುತ್ತದೆ. ಅಂಥ ಸರಪಳಿಯಲ್ಲಿ ಎರಡು ಕೊಂಡಿ ಮಾತ್ರ ಬದಲಿಸಿದರೆ ಉಳಿದ 26 ಕೊಂಡಿಗಳು ಹತ್ತು ವರ್ಷ ಹಳೆಯವೇ. ಅವೂ ಅದೇ ಬಿಸಿಲು, ಅದೇ ಓಡಾಟ ಕಂಡವು, ಸರದಿಯಲ್ಲಿ ನಿಂತಿರುತ್ತವೆ. ಹೊಸದಾಗಿ ಹಾಕಿದ ಮಾಡ್ಯೂಲಿನ ಸಾಮರ್ಥ್ಯ ಹಳೆಯವುಗಳ ಜೊತೆ ಹೊಂದದಿದ್ದರೆ ಇಡೀ ಪ್ಯಾಕ್ ತಾಳ ತಪ್ಪುತ್ತದೆ. ಮಾರುವ ಮುನ್ನ ದೀಪ ಆರಿಸಲು ಈ ತೇಪೆ ಸಾಕು. ಕಾರು ಇಟ್ಟುಕೊಂಡು ಓಡಿಸಬೇಕು ಅನ್ನುವವರಿಗೆ ಸಾಲದು. "ಬ್ಯಾಟರಿ ಹೊಸದು ಹಾಕಿಸಿದೀವಿ" ಅಂತ ಮಾರುವವರು ಹೇಳಿದರೆ ಪೂರ್ತಿ ಹೊಸ ಸೆಲ್‌ಗಳ ಪ್ಯಾಕೋ, ರಿಪೇರಿಯಾದ ಪ್ಯಾಕೋ, ಬಿಲ್ ಎಲ್ಲಿದೆ, ಗ್ಯಾರಂಟಿ ಕಾಗದದಲ್ಲಿದೆಯೋ ಅಂತ ಕೇಳಿ. ನನಗೆ ಸಿಕ್ಕಿದ್ದು ಬಾಯಿಮಾತಿನ ಗ್ಯಾರಂಟಿ. ಎರಡನೇ ಸಲ ಹೋದಾಗಲೇ ಅವರಿಗೆ ಅದು ನೆನಪಿರಲಿಲ್ಲ.

ಕೊನೆಗೆ ಹೈಬ್ರಿಡ್ ಕೆಲಸವನ್ನೇ ಮಾಡುವ ಮೆಕ್ಯಾನಿಕ್ ಒಬ್ಬರು ಸಿಕ್ಕರು. ಅವರು ಸ್ಕ್ಯಾನರ್ ಮುಟ್ಟುವ ಮೊದಲು ಹಿಂದಿನ ಸೀಟಿನ ಪಕ್ಕ ಮಂಡಿಯೂರಿ ಕೂತು ಅಲ್ಲಿನ ಪ್ಲಾಸ್ಟಿಕ್ ಜಾಲರಿಗೆ ಅಂಗೈ ಹಿಡಿದರು. "ಗಾಳಿ ಎಳೀತಾನೇ ಇಲ್ಲ" ಅಂದರು. ಜಾಲರಿ, ಕೊಳವೆ ಬಿಚ್ಚಿ ಫ್ಯಾನ್ ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ಫ್ಯಾನಿನ ಚಕ್ರದ ಸಣ್ಣ ಸಣ್ಣ ಎಸಳುಗಳ ನಡುವೆ ನಾಯಿಯ ಬಿಳಿ ಕೂದಲೂ ಧೂಳೂ ಬೆರೆತು ಕಂಬಳಿಯ ಹಾಗೆ ಗಟ್ಟಿಯಾಗಿ ಕೂತಿದ್ದವು. ಉಗುರಿನಿಂದ ಕೆರೆದೆ. ಪದರ ಪದರವಾಗಿ ಎದ್ದು ಬಂತು. ನಮ್ಮ ಮನೆಯಲ್ಲಿ ನಾಯಿ ಇಲ್ಲ. ಆ ಕೂದಲು ಎಷ್ಟು ವರ್ಷದ್ದೋ.

ಇಂಥ ಕಾರುಗಳ ದೊಡ್ಡ ಬ್ಯಾಟರಿ ತಣ್ಣಗಿರುವುದು ಕಾರಿನೊಳಗಿನ ಗಾಳಿಯಿಂದಲೇ. ನಾವು ಕೂರುವ ಜಾಗದ ಗಾಳಿಯನ್ನು ಸೀಟಿನ ಬದಿಯ ಅಥವಾ ಕೆಳಗಿನ ಜಾಲರಿಯಿಂದ ಫ್ಯಾನ್ ಎಳೆದು ಸೆಲ್‌ಗಳ ನಡುವೆ ಹಾಯಿಸುತ್ತದೆ. ಜಾಲರಿ ಮುಚ್ಚಿದರೆ ಬ್ಯಾಟರಿ ಬೇಯುತ್ತದೆ, ಪ್ಯಾಕಿನ ನಡುವಿನ ಮಾಡ್ಯೂಲ್‌ಗಳು ಮೊದಲು ಹೋಗುತ್ತವೆ. ನನ್ನ ಬ್ಯಾಟರಿಯನ್ನು ಮೂರು ಸಲ ಬಿಚ್ಚಿ ಜೋಡಿಸಿದವರು ಒಮ್ಮೆಯೂ ಈ ಫ್ಯಾನ್ ನೋಡಿರಲಿಲ್ಲ. ನಾನೂ ಕಾರು ತಂದ ದಿನದಿಂದ ಆಫೀಸಿನ ಬ್ಯಾಗನ್ನು ಸರಿಯಾಗಿ ಆ ಜಾಲರಿಗೇ ಒತ್ತಿ ಇಡುತ್ತಿದ್ದೆ. ಕಾರು ತಂದ ಮೊದಲ ವಾರವೇ ಬೇರೆ ಎಲ್ಲ ಕೆಲಸ ಬಿಟ್ಟು ಈ ಫ್ಯಾನ್ ತೆಗೆಸಿ ಸ್ವಚ್ಛ ಮಾಡಿಸಿ. ಕೆಲವು ಮಾದರಿಗಳಲ್ಲಿ ಜಾಲರಿಯ ಹಿಂದೆ ಫಿಲ್ಟರ್ ಇರುತ್ತದೆ, ಅದನ್ನೂ ಸ್ವಚ್ಛ ಮಾಡಿಸಿ. ಜಾಲರಿಯ ಮುಂದೆ ಬ್ಯಾಗು, ಹೊದಿಕೆ, ಆಟಿಕೆ ಏನೂ ಇಡಬೇಡಿ. ಬಿಸಿಲಲ್ಲಿ ನಿಂತ ಕಾರನ್ನು ಹತ್ತಿದ ಕೂಡಲೇ ಎ.ಸಿ. ಹಾಕಿ. ಆ ತಂಪು ಬ್ಯಾಟರಿಗೂ ಬೇಕು.

ಫ್ಯಾನ್ ಶುಚಿಯಾಯಿತು, ಆದರೆ ಬೆಂದ ಸೆಲ್ ಬದುಕುವುದಿಲ್ಲ. ಪೂರ್ತಿ ಹೊಸ ಪ್ಯಾಕ್ ಹಾಕಿಸಿದೆ. ತೇಪೆಗಳಿಗೆ ಸುರಿದ ಹಣ ಸೇರಿಸಿದರೆ ಹೊಸ ಪ್ಯಾಕಿನ ಅರ್ಧ ಬೆಲೆ ಅಲ್ಲೇ ಹೋಗಿತ್ತು.

ಟೆಸ್ಟ್ ಡ್ರೈವ್ ಬಗ್ಗೆಯೂ ಹೇಳಬೇಕು. ಏಳು ಕಿಲೋಮೀಟರ್ ಸಮತಟ್ಟಾದ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಅರ್ಧ ಗಂಟೆಯಾದರೂ ಓಡಿಸಿ, ಎ.ಸಿ. ಜೋರಾಗಿಡಿ, ಒಂದು ಉದ್ದದ ಏರು ಹತ್ತಿಸಿ. ಬ್ಯಾಟರಿಯ ಬ್ಲಾಕ್‌ಗಳ, ಅಂದರೆ ಮಾಡ್ಯೂಲ್ ಗುಂಪುಗಳ, ವೋಲ್ಟೇಜನ್ನು ಬೇರೆ ಬೇರೆಯಾಗಿ ತೋರಿಸುವ ಆ್ಯಪ್‌ಗಳಿವೆ. ಜೊತೆಯಲ್ಲಿದ್ದವರು ಅದನ್ನು ನೋಡುತ್ತಿರಲಿ. ಏರಿನಲ್ಲಿ ಎಲ್ಲ ಬ್ಲಾಕ್‌ಗಳೂ ಒಟ್ಟಿಗೆ ಇಳಿದು ಒಟ್ಟಿಗೆ ಏರಬೇಕು. ಒಂದು ಮಾತ್ರ ಸುಮಾರು 1.2 ವೋಲ್ಟ್ ಕೆಳಗೆ ಉಳಿದರೆ ಒಂದು ಸೆಲ್ ಸತ್ತಿದೆ ಅಂತ ಲೆಕ್ಕ. ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಹೇಳಿ. ಬೆಳಗಿನ ಮೊದಲ ಸ್ಟಾರ್ಟಿಗೆ ಗಡಗಡ ಅಲುಗಾಡಿ ಆಮೇಲೆ ಸರಿಹೋಗುವ ಎಂಜಿನ್ ಕಂಡರೆ, ಕೂಲೆಂಟ್ ಮಟ್ಟವೂ ಇಳಿದಿದ್ದರೆ, ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಸೋರುತ್ತಿರಬಹುದು. ಮೂರನೇ ತಲೆಮಾರಿನ ಪ್ರಿಯಸ್‌ನ 1.8 ಲೀಟರ್ ಎಂಜಿನ್‌ನಲ್ಲಿ ಎಂಜಿನ್ನಿಗೆ ಮರಳುವ ಹೊಗೆಯನ್ನು ತಣ್ಣಗಾಗಿಸುವ ಇಜಿಆರ್ ಕೂಲರ್ ಮಸಿ ಕಟ್ಟಿ ಈ ತೊಂದರೆ ಬರುವುದು ಹೈಬ್ರಿಡ್ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ವಿಷಯ. ದೊಡ್ಡ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹೊಂದಿಸುವ ಇನ್ವರ್ಟರಿಗೂ ಬೇರೆಯದೇ ಕೂಲೆಂಟ್, ಬೇರೆಯದೇ ಪಂಪ್ ಇರುತ್ತದೆ. ಎರಡನೇ ತಲೆಮಾರಿನ ಪ್ರಿಯಸ್‌ಗಳನ್ನು 2012ರಲ್ಲಿ ಕಂಪನಿಯೇ ಈ ಪಂಪಿಗಾಗಿ ವಾಪಸ್ ಕರೆಸಿತ್ತು. ಚಾಸಿಸ್ ನಂಬರ್ ಕೊಟ್ಟು ನಿಮ್ಮ ಕಾರಿನ ಯಾವ ರೀಕಾಲ್ ಕೆಲಸ ಬಾಕಿ ಇದೆ ಅಂತ ವಿಚಾರಿಸಿ.

ಚಿಕ್ಕ ಬ್ಯಾಟರಿಯನ್ನು, ಅಂದರೆ 12 ವೋಲ್ಟಿನದನ್ನು, ಕಡೆಗಣಿಸಬೇಡಿ. ಅದು ಎಂಜಿನ್ ತಿರುಗಿಸುವುದಿಲ್ಲ, ಕಂಪ್ಯೂಟರ್‌ಗಳನ್ನು ಎಬ್ಬಿಸಿ ದೊಡ್ಡ ಬ್ಯಾಟರಿಯನ್ನು ಜೋಡಿಸುವ ರಿಲೇ, ಅಂದರೆ ಸ್ವಿಚ್, ಆನ್ ಮಾಡುತ್ತದೆ. ಅದು ಸೋತರೆ ಸಂಬಂಧವೇ ಇಲ್ಲದ ಹತ್ತು ದೀಪ ಹೊತ್ತುತ್ತವೆ, ದೊಡ್ಡ ಬ್ಯಾಟರಿ ಹೋಯಿತು ಅಂತ ಹೆದರಿಸುವವರೂ ಸಿಗುತ್ತಾರೆ. ಮೊದಲು ಇದನ್ನು ಪರೀಕ್ಷಿಸಿ. ಹಲವು ಕಾರುಗಳಲ್ಲಿ ಇದು ಡಿಕ್ಕಿಯಲ್ಲಿರುತ್ತದೆ, ಚಾರ್ಜ್ ಪೂರ್ತಿ ಇಳಿದರೆ ಡಿಕ್ಕಿಯ ಬಾಗಿಲೇ ತೆರೆಯುವುದಿಲ್ಲ. ರಿಮೋಟಿನೊಳಗೆ ಅಡಗಿರುವ ಲೋಹದ ಕೀಲಿ ಎಲ್ಲಿದೆ, ಬಾನೆಟ್ ಕೆಳಗೆ ಜಂಪ್ ಕೊಡುವ ಜಾಗ ಎಲ್ಲಿದೆ ಅಂತ ಇವತ್ತೇ ಹುಡುಕಿಟ್ಟುಕೊಳ್ಳಿ. ಜಂಪ್ ಕೇಬಲ್ ಉಲ್ಟಾ ಹಾಕಿದರೆ ಇನ್ವರ್ಟರ್ ಸುಟ್ಟುಹೋಗಬಹುದು. ನಿಮ್ಮ ಹೈಬ್ರಿಡ್‌ನಿಂದ ಬೇರೆ ಕಾರಿಗೆ ಜಂಪ್ ಕೊಡಲು ಹೋಗಬೇಡಿ.

ಟ್ರಾಫಿಕ್‌ನಲ್ಲಿ ಬಹಳ ಹೊತ್ತು ನ್ಯೂಟ್ರಲ್‌ನಲ್ಲಿ ನಿಲ್ಲಬೇಡಿ, ನ್ಯೂಟ್ರಲ್‌ನಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಪೆಟ್ರೋಲ್ ಮುಗಿದ ಮೇಲೆ ಬ್ಯಾಟರಿಯಲ್ಲೇ ಮನೆ ಮುಟ್ಟೋಣ ಅನ್ನುವ ಸಾಹಸವೂ ಬೇಡ. ಕಾರು ಸದ್ದಿಲ್ಲದೆ ನಿಂತಿದೆ ಅಂತ ಆಫ್ ಆಗಿದೆ ಅಂದುಕೊಳ್ಳಬೇಡಿ, ಕಾರು ಆನ್ ಇದೆ ಅಂತ ತೋರಿಸುವ ರೆಡಿ ದೀಪ ನೋಡಿ. ಮುಚ್ಚಿದ ಶೆಡ್ಡಿನಲ್ಲಿ ರೆಡಿಯಲ್ಲೇ ಬಿಟ್ಟು ಹೋದರೆ ಎಂಜಿನ್ ತಾನಾಗಿ ಶುರುವಾಗುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಜೀವ ತೆಗೆಯುತ್ತದೆ. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಆ ಕೆಲಸ ಕಲಿತವರೂ 1000 ವೋಲ್ಟ್ ತಡೆಯುವ ಕೈಗವಸು ಹಾಕಿಕೊಂಡು, ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು, ಕರೆಂಟ್ ಹಿಡಿದಿಟ್ಟಿರುವ ಕೆಪ್ಯಾಸಿಟರ್ ಖಾಲಿಯಾಗಲು ಹತ್ತು ನಿಮಿಷ ಕಾದು ಆಮೇಲೆ ಮುಟ್ಟುತ್ತಾರೆ. ವಿಡಿಯೋ ನೋಡಿ ಮನೆಯಲ್ಲೇ ಪ್ಯಾಕ್ ಬಿಚ್ಚಲು ಹೊರಟ ಸ್ನೇಹಿತನನ್ನು ನಾನು ಕೈ ಹಿಡಿದು ನಿಲ್ಲಿಸಿದ್ದೇನೆ.

ಹೊಸ ಪ್ಯಾಕ್ ಹಾಕಿ ಈಗ ಒಂದೂವರೆ ವರ್ಷ. ಪಟ್ಟಿಗಳು ನಿಧಾನಕ್ಕೆ ಏರುತ್ತವೆ, ನಿಧಾನಕ್ಕೆ ಇಳಿಯುತ್ತವೆ. ಅದೇ ಹೆದ್ದಾರಿಯ ಏರನ್ನು ಎಷ್ಟೋ ಸಲ ಹತ್ತಿದ್ದೇನೆ, ಹಿಂದಿನ ಸೀಟಿನ ಫ್ಯಾನ್ ಸದ್ದು ಕಿವಿಗೆ ಬೀಳುವುದಿಲ್ಲ. ತಿಂಗಳಿಗೊಮ್ಮೆ ಜಾಲರಿಗೆ ವ್ಯಾಕ್ಯೂಮ್ ಹಿಡಿಯುತ್ತೇನೆ. ಮೂಲೆಯಿಂದ ಈಗಲೂ ಒಂದೆರಡು ಬಿಳಿ ಕೂದಲು ಬರುತ್ತವೆ.