‘ಹೊಸ ಕಂಡೆನ್ಸರ್’ ಅಂತ ಗುಜರಿ ಮಾಲು ಹಾಕ್ತಾರೆ, ಬಂಪರ್ ಮುಚ್ಚೋಕೆ ಮುಂಚೆ ನೋಡ್ಕೊಳ್ಳಿ

ಹಳೇ ಕಾರು ಇಟ್ಕೊಂಡು ಬೇಸಿಗೆಗೆ ಮುಂಚೆ ಎಸಿ ರೆಡಿ ಮಾಡಿಸೋಣ ಅಂತಿರೋರು ದಯವಿಟ್ಟು ಪೂರ್ತಿ ಓದಿ. 2009ರ ಪೆಟ್ರೋಲ್ ಗಾಡಿ, ಕಂಡೆನ್ಸರ್ (ಗ್ರಿಲ್ಲಿನ ಹಿಂದೆ, ರೇಡಿಯೇಟರಿನ ಮುಂದೆ ಕೂತು ಎಸಿ ಗ್ಯಾಸಿನ ಬಿಸಿ ಹೊರಹಾಕೋ ಜಾಲರಿ) ಲೀಕು. ಬೆಂಗಳೂರಿನ ಒಂದು ಎಸಿ ಗ್ಯಾರೇಜಿನವರು ₹8,200 ತಗೊಂಡು ‘ಹೊಸ ಕಂಡೆನ್ಸರ್, ಫ್ರೆಶ್ ಗ್ಯಾಸ್’ ಹಾಕಿ ಕೊಟ್ರು. ಹೊಸದಲ್ಲ. ಗುಜರಿಯಿಂದ ತಂದ ಕಂಡೆನ್ಸರಿಗೆ ಕಪ್ಪು ಸ್ಪ್ರೇ ಹೊಡೆದು ಕೂರಿಸಿದ್ದಾರೆ. ಮತ್ತೆ ಹೇಳ್ತೀನಿ, ಹೊಸದಲ್ಲ. ದುಡ್ಡು ಕೊಟ್ಟು, ಕೈ ಕುಲುಕಿ, ಥ್ಯಾಂಕ್ಸ್ ಬೇರೆ ಹೇಳಿ ಬಂದಿದ್ದು ನೆನೆಸ್ಕೊಂಡ್ರೆ ಇವತ್ತಿಗೂ ಮೈ ಉರಿಯುತ್ತೆ.

ಲೀಕ್ ಇದ್ದದ್ದು ನಿಜ, ಅದರಲ್ಲಿ ತಕರಾರಿಲ್ಲ. ಕಂಡೆನ್ಸರಿನ ಕೆಳಗಡೆ ಮೂಲೆಯಲ್ಲಿ ಅಂಗೈಯಗಲ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಮೆತ್ತಿಕೊಂಡು ಕಪ್ಪಗಾಗಿತ್ತು. ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲ್ಲೂ ಸುತ್ತುತ್ತಿರುತ್ತೆ. ಸಣ್ಣ ತೂತಲ್ಲಿ ಎರಡೂ ಹೊರಗೆ ಬರ್ತವೆ, ಗ್ಯಾಸ್ ಹಾರಿಹೋಗುತ್ತೆ, ಆಯಿಲ್ ಅಲ್ಲೇ ಉಳಿಯುತ್ತೆ. ಹಳೇ ಗಾಡೀಲಿ ಕೆಳಗಿನ ಸಾಲುಗಳೇ ಮೊದಲು ಹೋಗೋದು, ಯಾಕಂದ್ರೆ ಕೆಸರು ನೀರು ಫಿನ್‌ಗಳ (ತೆಳು ತಗಡುಗಳ) ನಡುವೆ ಅಲ್ಲೇ ನಿಂತು ಅಲ್ಯೂಮಿನಿಯಂ ತಿನ್ನುತ್ತೆ. ಕಲ್ಲೇಟೂ ಅಲ್ಲಿಗೇ ಜಾಸ್ತಿ. ಇಂಥದ್ದಕ್ಕೆ ಬೆಸುಗೆ, ಎಂ-ಸೀಲು ಅಂತೆಲ್ಲ ಹೇಳೋರ ಮಾತು ಕೇಳಲೇಬೇಡಿ. ಓಡುವಾಗ ಕಂಡೆನ್ಸರ್ ಇರೋ ಹೈ ಸೈಡಲ್ಲಿ (ಹೆಚ್ಚು ಒತ್ತಡದ ಕಡೆ) 150ರಿಂದ 200 ಪಿಎಸ್‌ಐ ಪ್ರೆಷರ್ ಇರುತ್ತೆ, ಟ್ರಾಫಿಕ್ಕಲ್ಲಿ ನಿಂತ್ರೆ ಇನ್ನೂ ಮೇಲೆ. ಒಂದು ತೂತು ಮುಚ್ಚಿದ್ರೆ ಪಕ್ಕದ್ದು ತೆರ್ಕೊಳ್ಳುತ್ತೆ. ಲೀಕ್ ಸೀಲರ್ ಡಬ್ಬಿ ಹಾಕಿದ್ರಂತೂ ಅದು ಎಕ್ಸ್‌ಪ್ಯಾನ್ಷನ್ ವಾಲ್ವಿನ (ಒಳಗಿನ ಕೂಲಿಂಗ್ ಕಾಯಿಲಿಗೆ ಗ್ಯಾಸನ್ನ ಅಳತೆಯಲ್ಲಿ ಬಿಡೋ ಕವಾಟ) ಸಣ್ಣ ಬಾಯಲ್ಲಿ ಕಟ್ಕೊಂಡು ಇನ್ನೊಂದು ಖರ್ಚು ತಂದಿಡುತ್ತೆ. ಹಾಗಾಗಿ ಕಂಡೆನ್ಸರ್ ಬದಲಾಯಿಸ್ಬೇಕು ಅಂದಿದ್ದು ಸರಿಯಾಗೇ ಇತ್ತು. ಬದಲಾಯಿಸಿದ ರೀತಿ ನೋಡಿ.

ಡೆಲಿವರಿ ಟೈಮಲ್ಲಿ ಗಾಡಿ ಸ್ಟಾರ್ಟ್ ಮಾಡಿ, ಎಸಿ ಹಾಕಿ, ‘ಕೈ ಇಡಿ ಸಾರ್, ಐಸ್ ಸಾರ್ ಐಸ್’ ಅಂದ್ರು. ಐಸೇ. ಗ್ಯಾರೇಜಿನ ನೆರಳಲ್ಲಿ, ಐದು ನಿಮಿಷಕ್ಕೆ, ಯಾವ ಎಸಿಯಾದ್ರೂ ಐಸೇ ಕೊಡೋದು. ರೋಡಿಗೆ ಬಂದು ಇಪ್ಪತ್ತು ನಿಮಿಷ ಆಗ್ತಿದ್ದ ಹಾಗೆ ಗಾಳಿ ಅಷ್ಟೇ ರಭಸವಾಗಿ ಬರುತ್ತೆ, ತಂಪು ಮಾತ್ರ ಇಲ್ಲ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಾಕಿದ್ರೆ ಮತ್ತೆ ಐಸು. ಮತ್ತೆ ಬಿಸಿ.

ಈ ಲಕ್ಷಣ ಗುರುತು ಇಟ್ಕೊಳ್ಳಿ. ಲೈನಿನೊಳಗೆ ನೀರಿನಂಶ ಉಳಿದಿದ್ರೆ ಅದು ಎಕ್ಸ್‌ಪ್ಯಾನ್ಷನ್ ವಾಲ್ವಿನ ಬಾಯಲ್ಲಿ ಹೆಪ್ಪುಗಟ್ಟುತ್ತೆ, ಗ್ಯಾಸ್ ದಾರಿ ಮುಚ್ಚುತ್ತೆ. ಆಫ್ ಮಾಡಿದಾಗ ಕರಗುತ್ತೆ, ದಾರಿ ಬಿಡುತ್ತೆ. ಗೇಜ್ (ಒತ್ತಡ ಅಳೆಯೋ ಮೀಟರ್) ಹಾಕಿದ್ರೆ ತಂಪು ಹೋದ ಕ್ಷಣಕ್ಕೆ ಸರಿಯಾಗಿ ಲೋ ಸೈಡಿನ (ಕಮ್ಮಿ ಒತ್ತಡದ ಕಡೆಯ) ಮುಳ್ಳು ಸೊನ್ನೆಯಿಂದ ಕೆಳಗೆ, ವ್ಯಾಕ್ಯೂಮ್ ಕಡೆಗೆ ಇಳಿಯುತ್ತೆ. ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟೋದು ಬೇರೆ ತೊಂದರೆ, ಅದರಲ್ಲಿ ಗಾಳಿಯ ರಭಸವೇ ಕಮ್ಮಿ ಆಗುತ್ತೆ. ಇವೆರಡನ್ನ ಬೇಕಂತಲೇ ಗೊಂದಲ ಮಾಡಿ ದುಡ್ಡು ಕೀಳೋರಿದ್ದಾರೆ.

ಫೋನ್ ಮಾಡಿದ್ರೆ ಮೊದಲ ಉತ್ತರ: ‘ಹಳೇ ಗಾಡಿ ಅಲ್ವಾ ಸಾರ್, ಇಷ್ಟೇ ಬರೋದು.’

ಕಂಡೆನ್ಸರ್ ಬಿಚ್ಚುವಾಗ ಗಾಡಿ ಹಳೇದು ಅಂತ ಗೊತ್ತಿರಲಿಲ್ವಾ? ದುಡ್ಡು ಎಣಿಸ್ಕೊಳ್ಳುವಾಗ?

ವ್ಯಾಕ್ಯೂಮ್ ಮಾಡಿದ್ರಾ, ಅಂದ್ರೆ ಗ್ಯಾಸ್ ತುಂಬೋಕೆ ಮುಂಚೆ ಲೈನಿನ ಗಾಳಿ, ನೀರಿನಂಶ ಪಂಪಲ್ಲಿ ಎಳೆದು ತೆಗೆದ್ರಾ ಅಂತ ಕೇಳಿದ್ದಕ್ಕೆ ಬಂದ ಉತ್ತರ ಇನ್ನೂ ಚೆನ್ನಾಗಿದೆ: ‘ಅರ್ಧ ಗಂಟೆ ಹೊಡ್ದಿದೀವಿ ಸಾರ್, ಮುಳ್ಳು ಕರೆಕ್ಟಾಗಿ ಮೈನಸ್ 30ಕ್ಕೆ ನಿಂತಿತ್ತು.’ ಬೆಂಗಳೂರಲ್ಲಿ ಮೈನಸ್ 30 ಇಂಚು! ಸ್ವಾಮಿ, ಈ ಊರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡವೇ ಸುಮಾರು 27 ಇಂಚು ಪಾದರಸದಷ್ಟು. ಎಷ್ಟು ಒಳ್ಳೇ ಪಂಪ್ ತಂದ್ರೂ ಸರಿಯಾಗಿ ಸೊನ್ನೆಗೆ ಕೂರಿಸಿದ ಗೇಜಿನ ಮುಳ್ಳು ಮೈನಸ್ 27ರ ಆಸುಪಾಸಲ್ಲಿ ನಿಲ್ಲುತ್ತೆ. ಮಂಗಳೂರಲ್ಲಾದ್ರೆ 29 ದಾಟಬಹುದು. ಇಲ್ಲಿ 30 ಕಂಡ್ರೆ ಒಂದೋ ಗೇಜ್ ಕೆಟ್ಟಿದೆ, ಇಲ್ಲಾ ಹೇಳೋನು ಗೇಜ್ ಕಡೆ ನೋಡೇ ಇಲ್ಲ. ಪುಸ್ತಕದಲ್ಲಿರೋ ನಂಬರ್ ಬಾಯಿಪಾಠ ಮಾಡಿ ಗಿರಾಕಿ ಮುಂದೆ ಒಪ್ಪಿಸೋದು, ಅಷ್ಟೇ.

ವ್ಯಾಕ್ಯೂಮ್ ಮಾಡೇ ಇಲ್ಲ ಅನ್ನೋದಕ್ಕೆ ಸಾಕ್ಷಿ ಗಾಡಿಯಲ್ಲೇ ಇತ್ತು. ರಾತ್ರಿಯೆಲ್ಲ ನಿಂತ ಗಾಡಿಗೆ ಬೆಳಗ್ಗೆ, ಇಂಜಿನ್ ಸ್ಟಾರ್ಟ್ ಮಾಡೋಕೆ ಮುಂಚೆ ಗೇಜ್ ಹಾಕಿದ್ರೆ ಎರಡೂ ಮುಳ್ಳು ಒಂದೇ ಕಡೆ ನಿಲ್ಲುತ್ತವೆ. ಆ ಪ್ರೆಷರ್ ಗ್ಯಾಸ್ ಎಷ್ಟಿದೆ ಅನ್ನೋದರ ಮೇಲಲ್ಲ, ಹೊರಗಿನ ಉಷ್ಣಾಂಶದ ಮೇಲೆ ನಿಂತಿದೆ. ಶುದ್ಧ ಆರ್-134ಎ (ಈ ಗಾಡಿಯ ಎಸಿ ಗ್ಯಾಸು) ಆಗಿದ್ರೆ 25 ಡಿಗ್ರಿಗೆ 80 ಪಿಎಸ್‌ಐ ಮೇಲೆ ಒಂದೆರಡು, 30 ಡಿಗ್ರಿಗೆ 97ರ ಹತ್ತಿರ. ಈ ಗಾಡಿ 25 ಡಿಗ್ರಿಯ ಬೆಳಗ್ಗೆ ನೂರರ ಹತ್ತಿರ ತೋರಿಸ್ತಿತ್ತು. ಒಳಗೆ ಗಾಳಿ ಸೇರಿದೆ ಅಂತ ಅರ್ಥ, ಇಲ್ಲಾಂದ್ರೆ ಬೇರೆ ಗ್ಯಾಸ್ ಬೆರೆಸಿದ್ದಾರೆ. ಎರಡರಲ್ಲಿ ಯಾವುದೇ ಆದ್ರೂ ವಸೂಲಿ ಮಾತ್ರ ‘ಫ್ರೆಶ್ ಗ್ಯಾಸ್’ದು.

ಕೊನೆಗೆ ಬೇರೆ ಕಡೆ ಬಂಪರ್ ಬಿಚ್ಚಿಸಿದಾಗ ಅಸಲಿ ಬಣ್ಣ ಬಯಲಾಯ್ತು. ಬಣ್ಣ ಅಂದ್ರೆ ಬಣ್ಣವೇ. ಮುಂದುಗಡೆ, ಅಂದ್ರೆ ಗ್ರಿಲ್ಲಿನಿಂದ ಕಾಣೋ ಕಡೆ, ಮಿರಮಿರ ಮಿಂಚೋ ಕಪ್ಪು. ಹಿಂದೆ, ರೇಡಿಯೇಟರ್ ಕಡೆ, ಬೂದಿಬಣ್ಣದ ಹಳೇ ಅಲ್ಯೂಮಿನಿಯಂ. ಫಿನ್‌ಗಳ ಮಧ್ಯೆ ಒಣಗಿದ ಕೆಂಪು ಮಣ್ಣು, ಅದರ ಮೇಲೇ ಪೇಂಟು. ಸತ್ತ ಹುಳದ ರೆಕ್ಕೆ ಮೇಲೂ ಪೇಂಟು. ಉಗುರಲ್ಲಿ ಕೆರೆದ್ರೆ ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಕೆಳಗಿನ ರಬ್ಬರ್ ಬುಷ್ ಒಂದಿದೆ, ಇನ್ನೊಂದಿಲ್ಲ. ಮೇಲಿನ ಬ್ರಾಕೆಟ್ಟಿನ ತೂತು ಕೂಡದೆ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿದ್ದಾರೆ. ಅಂದ್ರೆ ಕಂಡೆನ್ಸರ್ ಈ ಮಾಡೆಲ್‌ದೂ ಅಲ್ಲ! ಗಾಡಿ ಅಲುಗಾಡಿದಂತೆಲ್ಲ ಅದರ ಅಂಚು ರೇಡಿಯೇಟರಿಗೆ ಉಜ್ಜಿ ಗೆರೆ ಬಿದ್ದಿತ್ತು. ಇನ್ನಷ್ಟು ದಿನ ಬಿಟ್ಟಿದ್ರೆ ರೇಡಿಯೇಟರೂ ಹೋಗ್ತಿತ್ತು.

ಓ-ರಿಂಗ್ (ಪೈಪಿನ ಜಾಯಿಂಟು ಸೋರದ ಹಾಗೆ ಹಾಕೋ ರಬ್ಬರ್ ಉಂಗುರ) ಕಥೆ ಕೇಳಿ. ಎರಡು ಪೈಪು, ಎರಡು ಓ-ರಿಂಗು, ಎರಡೂ ಸೇರಿ ನೂರು ರೂಪಾಯಿ ಒಳಗಿನ ಮಾಲು. ಅದನ್ನೂ ಬದಲಾಯಿಸಿಲ್ಲ. ಹಳೇ ರಿಂಗು ಚಪ್ಪಟೆಯಾಗಿ ಅಂಚು ಸೀಳಿತ್ತು, ಅದರ ಮೇಲೆ ಗ್ರೀಸು ಬಳಿದಿದ್ದಾರೆ. ಆರ್-134ಎ ಸಿಸ್ಟಮಿಗೆ ಬರೋ ರಿಂಗು ಸಾಮಾನ್ಯವಾಗಿ ಹಸಿರು ಬಣ್ಣದ್ದು, ಅದಕ್ಕೆ ಸವರಬೇಕಾದ್ದು ಕಂಪ್ರೆಸರ್ ಆಯಿಲ್ಲು, ವೀಲ್ ಬೇರಿಂಗ್ ಗ್ರೀಸಲ್ಲ.

ಸೆಕೆಂಡ್ ಹ್ಯಾಂಡ್ ಕಂಡೆನ್ಸರ್ ಲೀಕಿಲ್ದಿದ್ರೆ ಏನು ತಪ್ಪು ಅಂತ ಕೆಲವರು ಕೇಳ್ತಾರೆ. ಗ್ಯಾರೇಜಿನವನೂ ಆಮೇಲೆ ಅದೇ ವಾದಕ್ಕೆ ಇಳಿದ. ತಪ್ಪು ಇಲ್ಲಿದೆ: ಈ ಥರದ ಗಾಡಿಗಳಲ್ಲಿ ಡ್ರೈಯರ್ ಬಾಟಲ್ ಬೇರೆ ಇರಲ್ಲ, ಕಂಡೆನ್ಸರಿನ ಪಕ್ಕದ ಕೊಳವೆಯೊಳಗೇ ಒಂದು ಚೀಲದಲ್ಲಿ ನೀರು ಹೀರೋ ಕಾಳು ಇರುತ್ತೆ. ಹೊಸ ಕಂಡೆನ್ಸರಿನ ಎರಡೂ ಬಾಯಿಗೆ ಮುಚ್ಚಳ ಹಾಕಿ ಕೊಡೋದು ಅದಕ್ಕೇ, ಪೈಪ್ ಕೂರಿಸೋ ಕೊನೇ ಗಳಿಗೆಯಲ್ಲಿ ಮಾತ್ರ ಅದನ್ನ ತೆಗೀಬೇಕು. ಗುಜರಿ ಅಂಗಡಿಯಲ್ಲಿ ಬಾಯಿ ತೆರ್ಕೊಂಡು ಒಂದು ಮಳೆಗಾಲ ಕಳೆದ ಕಂಡೆನ್ಸರಿನ ಕಾಳು ಹೊಟ್ಟೆ ತುಂಬ ನೀರು ಕುಡಿದಿರುತ್ತೆ. ಅರ್ಧ ಗಂಟೆ ವ್ಯಾಕ್ಯೂಮಿಗೆ ಅದು ಒಣಗಲ್ಲ. ಇಲ್ಲಿ ಅದನ್ನೂ ಮಾಡಿಲ್ಲ. ಆ ನೀರೇ ಹೋಗಿ ವಾಲ್ವಲ್ಲಿ ಹೆಪ್ಪುಗಟ್ಟಿದ್ದು. ಅದೇ ನೀರು ಗ್ಯಾಸು, ಆಯಿಲ್ಲಿನ ಜೊತೆ ಸೇರಿ ಆಸಿಡ್ ಆಗಿ ಕಂಪ್ರೆಸರನ್ನ ಒಳಗಿಂದ ತಿನ್ನುತ್ತೆ. ಡ್ರೈಯರ್ ಬಾಟಲ್ ಬೇರೆ ಇರೋ ಹಳೇ ಮಾಡೆಲ್ ಆದ್ರೆ ಆ ಬಾಟಲ್ಲೂ ಜೊತೆಗೇ ಹೊಸದು ಹಾಕಿಸಲೇಬೇಕು, ಅದು ಐಚ್ಛಿಕ ಅಲ್ಲ.

ಫೋಟೋ ಕಳಿಸಿದ್ಮೇಲೆ ಬಂದ ಉತ್ತರಗಳು, ಬಂದ ಹಾಗೇ:

‘ಕಂಪನಿ ಪೇಂಟೇ ಸಾರ್ ಅದು.’ (ಹುಳಕ್ಕೂ ಕಂಪನಿಯೇ ಪೇಂಟ್ ಹೊಡೆದು ಕಳಿಸುತ್ತಾ?)

‘ಗ್ಯಾಸಿಗೆ ವಾರಂಟಿ ಬರಲ್ಲ ಸಾರ್.’ ಗ್ಯಾಸಿನ ವಾರಂಟಿ ಯಾರು ಕೇಳಿದ್ರು?

‘ಈಗ ಕೂಲಿಂಗ್ ಕಾಯಿಲ್ ಹೋಗಿದೆ ಅನ್ಸುತ್ತೆ, ತಗೊಂಡ್ಬನ್ನಿ, ಡ್ಯಾಶ್‌ಬೋರ್ಡ್ ಇಳಿಸಿ ನೋಡೋಣ.’

‘ಬೇರೆಯವರ ಹತ್ರ ಬಿಚ್ಚಿಸಿದ್ದೀರಲ್ಲ, ಇನ್ನು ನಮಗೆ ಸಂಬಂಧ ಇಲ್ಲ.’ ಕೈ ತೊಳ್ಕೊಂಡಾಯ್ತು.

ಹಳೇ ಕಂಡೆನ್ಸರ್ ವಾಪಸ್ ಕೊಡಿ ಅಂದ್ರೆ ‘ಅದನ್ನ ಅವತ್ತೇ ತೂಕಕ್ಕೆ ಹಾಕ್ಬಿಟ್ವಿ’. ಬಿಲ್ ಕೇಳಿದ್ರೆ ಕೊಟ್ಟಿದ್ದು ಎಸ್ಟಿಮೇಟ್ ಅಂತ ಬರೆದ ಚೀಟಿ, ಜಿಎಸ್‌ಟಿ ನಂಬರ್ ಇಲ್ಲ, ಪಾರ್ಟ್ ನಂಬರ್ ಇಲ್ಲ, ‘ಕಂಡೆನ್ಸರ್ 1’ ಅಂತ ಅಷ್ಟೇ. ಮೊದಲೇ ‘ಬಿಲ್ ಬೇಕಂದ್ರೆ ಟ್ಯಾಕ್ಸ್ ಸೇರುತ್ತೆ ಸಾರ್’ ಅಂದಿದ್ದು ಯಾಕೆ ಅಂತ ಈಗ ಅರ್ಥ ಆಗ್ತಿದೆ. ಟ್ಯಾಕ್ಸ್ ಉಳಿಸೋಕಲ್ಲ, ಸಾಕ್ಷಿ ಉಳಿಸದೇ ಇರೋಕೆ.

ಸರಿಯಾದ ಕೆಲಸ ಹೇಗಿರುತ್ತೆ ಅಂತ ಗೊತ್ತಿರ್ಲಿ. ಉಳಿದ ಗ್ಯಾಸನ್ನ ಮೆಷಿನ್ನಿಗೆ ಎಳ್ಕೊಬೇಕು, ಗಾಳಿಗೆ ಬಿಡಬಾರದು. ಬಂಪರ್ ಇಳಿಸ್ಬೇಕು. ಬಂಪರ್ ಇಳಿಸದೇ ಮೇಲಿಂದಲೇ ತೂರಿಸ್ತೀವಿ ಅಂದ್ರೆ ಫಿನ್ ಬಗ್ಗಿಸಿಯೇ ಬಗ್ಗಿಸ್ತಾರೆ. ಪೈಪಿನ ಬೋಲ್ಟು ಸಾಮಾನ್ಯವಾಗಿ 10ರ ಸ್ಪ್ಯಾನರಿನದು, ತುಕ್ಕು ಹಿಡಿದಿದ್ರೆ ಡಬ್ಲ್ಯೂಡಿ-40 ಹೊಡೆದು ಕಾಯಬೇಕು. ಜೋರಾಗಿ ತಿರುಗಿಸಿದ್ರೆ ಅಲ್ಯೂಮಿನಿಯಂ ಥ್ರೆಡ್ ಹಾರಿಹೋಗುತ್ತೆ. ಹೊಸ ಕಂಡೆನ್ಸರಿಗೆ 20ರಿಂದ 30 ಎಂಎಲ್ ಪ್ಯಾಗ್ ಆಯಿಲ್ (ಎಸಿ ಕಂಪ್ರೆಸರ್ ಆಯಿಲ್), ಯಾವ ಗ್ರೇಡು ಅಂತ ಕಂಪ್ರೆಸರಿನ ಲೇಬಲ್ ನೋಡಿಯೇ ಹಾಕ್ಬೇಕು. ಕಮ್ಮಿಯಾದ್ರೆ ಕಂಪ್ರೆಸರ್ ಜಾಮ್, ಜಾಸ್ತಿಯಾದ್ರೆ ತಂಪು ಕಮ್ಮಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸ್ಪಂಜ್ ಪಟ್ಟಿ ವಾಪಸ್ ಕೂರಬೇಕು, ಅದಿಲ್ದಿದ್ರೆ ಬಿಸಿಗಾಳಿ ಅಲ್ಲೇ ಸುತ್ತಿ ಸಿಗ್ನಲ್ಲಲ್ಲಿ ನಿಂತಾಗ ತಂಪು ಇಳಿಯುತ್ತೆ. ಆಮೇಲೆ ನೈಟ್ರೋಜನ್ 150 ಪಿಎಸ್‌ಐ ತುಂಬಿ ಜಾಯಿಂಟಿಗೆ ಸೋಪು ನೀರು. ಟೈರಿಗೆ ಹಾಕೋ ಗಾಳಿ ಅಲ್ಲ, ಅದರಲ್ಲಿ ನೀರಿನಂಶ ಇರುತ್ತೆ. ಆಕ್ಸಿಜನ್ ಅಂತೂ ಮುಟ್ಟಲೇಬಾರದು, ಆಯಿಲ್ ಜೊತೆ ಸೇರಿದ್ರೆ ಸಿಡಿಯುತ್ತೆ.

ಕಮ್ಮಿ ಅಂದ್ರೂ ಅರ್ಧ ಗಂಟೆ ವ್ಯಾಕ್ಯೂಮ್. ಪಂಪ್ ಆಫ್ ಮಾಡಿ ವಾಲ್ವ್ ಮುಚ್ಚಿ ಇನ್ನೊಂದು ಹದಿನೈದು ಇಪ್ಪತ್ತು ನಿಮಿಷ ಮುಳ್ಳು ಅಲ್ಲಾಡಬಾರದು. ಹಳೇ ಫ್ರಿಡ್ಜಿನ ಕಂಪ್ರೆಸರನ್ನೇ ಪಂಪ್ ಅಂತ ಇಟ್ಕೊಂಡಿರೋ ಗ್ಯಾರೇಜುಗಳಿವೆ. ಅದು ಗಾಳಿ ಎಳೆಯುತ್ತೆ, ಆದ್ರೆ ನೀರು ಆವಿಯಾಗೋ ಅಷ್ಟು ಆಳಕ್ಕೆ ಇಳಿಯೋದು ಕಷ್ಟ. ಗ್ಯಾಸ್ ತೂಕ ಹಾಕಿ ತುಂಬಬೇಕು. ಬಾನೆಟ್ ಕೆಳಗಿನ ಲೇಬಲ್ಲಲ್ಲಿ ಎಷ್ಟು ಗ್ರಾಂ ಅಂತ ಬರೆದಿರುತ್ತೆ, ಸಿಲಿಂಡರ್ ತಕ್ಕಡಿ ಮೇಲಿರಬೇಕು. ‘ಗೇಜ್ ನೋಡಿ ಅಂದಾಜಲ್ಲಿ ಹಾಕ್ತೀವಿ, ನಮಗೆ ಎಕ್ಸ್‌ಪೀರಿಯನ್ಸ್ ಇದೆ’ ಅನ್ನೋರಿಂದ ದೂರ ಇರಿ. 28-30 ಡಿಗ್ರಿ ದಿನ, ಕಂಡೆನ್ಸರ್ ಫ್ಯಾನ್ ಓಡ್ತಿರುವಾಗ ಲೋ ಸೈಡು 28ರಿಂದ 40, ಹೈ ಸೈಡು 150ರಿಂದ 210 ಪಿಎಸ್‌ಐ ಒಳಗೆ ಇದ್ರೆ ನೆಮ್ಮದಿ.

ನನ್ನ ಸಲಹೆ ಇಷ್ಟೇ, ಸಿಟ್ಟಲ್ಲೇ ಹೇಳ್ತಿದೀನಿ. ಕಂಡೆನ್ಸರ್ ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರಸ್ತೆಗೆ ಹೋಗಿ ನೀವೇ ಬಿಲ್ ಸಮೇತ ತನ್ನಿ. ‘ನೀವು ತಂದ ಮಾಲಿಗೆ ನಾವು ಗ್ಯಾರಂಟಿ ಕೊಡಲ್ಲ’ ಅಂತಾರೆ, ಅವರು ತಂದ ಮಾಲಿಗೆ ಕೊಟ್ಟ ಗ್ಯಾರಂಟಿ ಏನು ಅಂತ ನೋಡಿದ್ರಲ್ಲ. ಡಬ್ಬ, ಪಾರ್ಟ್ ನಂಬರ್, ಮುಚ್ಚಳ ಹಾಕಿದ ಎರಡೂ ಬಾಯಿ, ಎಲ್ಲದರ ಫೋಟೋ ತೆಗೀರಿ. ಹಳೇದನ್ನ ಡಿಕ್ಕಿಗೆ ಹಾಕಿಸ್ಕೊಂಡೇ ದುಡ್ಡು ಕೊಡಿ. ಬಂಪರ್ ಮುಚ್ಚೋಕೆ ಮುಂಚೆ ಟಾರ್ಚ್ ಹಿಡಿದು ಕಂಡೆನ್ಸರಿನ ಹಿಂದುಗಡೆ ನೋಡಿ, ಮುಂದುಗಡೆ ಅಲ್ಲ. ಟ್ರಯಲ್ ಅಂದ್ರೆ ಅರ್ಧ ಗಂಟೆ, ಬಿಸಿಲಲ್ಲಿ. ಸರಿಯಾದ ಬಿಲ್ ಇದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಮಾತಿಗೆ ತೂಕ ಇರುತ್ತೆ. ನಮ್ಮ ಕೈಲಿರೋದು ಎಸ್ಟಿಮೇಟ್ ಚೀಟಿ, ಆದ್ರೂ ಯುಪಿಐ ಪಾವತಿ ಮತ್ತು ವಾಟ್ಸಾಪ್ ಮಾತುಕತೆ ಇಟ್ಕೊಂಡು ದೂರು ಕೊಟ್ಟಾಗಿದೆ.

ಇನ್ನು ‘ಕೂಲಿಂಗ್ ಕಾಯಿಲ್ ಹೋಗಿದೆ, ಡ್ಯಾಶ್‌ಬೋರ್ಡ್ ಇಳಿಸ್ಬೇಕು’ ಅಂತ ಯಾರಾದ್ರೂ ಬಾಯಿಮಾತಲ್ಲಿ ಹೇಳಿದ್ರೆ ಒಪ್ಪಬೇಡಿ. ಎಸಿ ಆಫ್ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿ, ಎಸಿ ನೀರು ತೊಟ್ಟಿಕ್ಕೋ ಪೈಪಿನ ಬಾಯಿಗೆ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಹಿಡಿಯೋಕೆ ಹೇಳಿ. ಗ್ಯಾಸ್ ಗಾಳಿಗಿಂತ ಭಾರ, ಕಾಯಿಲ್ ಸೋರ್ತಿದ್ರೆ ಅಲ್ಲಿಗೇ ಇಳಿದು ಬರುತ್ತೆ. ಡಿಟೆಕ್ಟರ್ ಇಲ್ಲ ಅಂದ್ರೆ ಗಾಡಿ ತಿರುಗಿಸ್ಕೊಂಡು ಬನ್ನಿ.